ಡಿಕಾಕ್ಷನ್ನಿನಲ್ಲಿ ಫಿಲಂ ತೊಳೆದದ್ದು: ನನ್ನ ಅನುಭವ

ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಕಲಸಿ ಕಪ್ಪು-ಬಿಳುಪು ಫಿಲಂ ಡೆವಲಪ್ ಮಾಡುವುದು ಹೊಸದೇನಲ್ಲ. 1995ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಹುಟ್ಟಿದ ಕೆಫೆನಾಲ್ ಅನ್ನೋ ವಿಧಾನ ಅದು; ವಿಟಮಿನ್ ಸಿ ಆಮೇಲೆ ಸೇರಿದ್ದು. ಈಗ ಮತ್ತೆ ಫಿಲಂ ಹಿಡಿದವರಲ್ಲಿ ಎಷ್ಟೋ ಜನ ಮಾಡಿ ನೋಡಿದ್ದಾರೆ. ನನ್ನ ತಕರಾರು ಒಂದೇ: ಕೊಪ್ಪದಲ್ಲಿ, ಮನೆ ಹಿಂದೆಯೇ ರೊಬಸ್ಟಾ ಗಿಡ ಇರುವಾಗ ಡಬ್ಬಿ ಕಾಫಿಗೆ ಯಾಕೆ ದುಡ್ಡು ಸುರಿಯಬೇಕು? ಬೆಂಗಳೂರಿನ ಗೆಳೆಯನಿಗೆ ಹೇಳಿದರೆ, “ಡಿಕಾಕ್ಷನ್ ಇರೋದು ಕುಡಿಯೋಕೆ ಮಾರಾಯ, ರೀಲು ಹಾಳು ಮಾಡ್ಕೋಬೇಡ” ಅಂತ ನಕ್ಕ.

ಮೊದಲ ಎಂಟೊಂಬತ್ತು ರೀಲಿನ ಮಟ್ಟಿಗೆ ಅವನ ಮಾತೇ ಗೆದ್ದಿತು. ಎಚ್‌ಪಿ5 ಅನ್ನೋ ಕಪ್ಪು-ಬಿಳುಪು ಫಿಲಂ ರೀಲು ಒಂದಕ್ಕೆ ಸಾವಿರದ ಆಸುಪಾಸು, ನೀವೇ ಲೆಕ್ಕ ಹಾಕಿ. ಅಂಗಡಿಯಲ್ಲಿ ಚಿಕೋರಿ ಬೆರೆಸಿದ ಪುಡಿ ತಂದು ಮಾಡಿದ್ದು ಮೊದಲ ತಪ್ಪು; ನೆಗೆಟಿವ್ ಗಂಜಿ ತಿಳಿಯ ಹಾಗೆ ತೆಳ್ಳಗೆ ಬಂತು. ಆಮೇಲೆ ಸೋಡಾ. ಸೂತ್ರದಲ್ಲಿರುವುದು ನೀರಿನಂಶವಿಲ್ಲದ ಪುಡಿ ಸೋಡಾದ ತೂಕ. ನಾನು ತಂದದ್ದು ಹರಳು ಸೋಡಾ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ತೂಕಕ್ಕೆ ತೂಕ ಹಾಕಿ ತಂಗಿಯ ಮಗುವಿನ ನಾಮಕರಣದ ಮೂವತ್ತಾರು ಚಿತ್ರವೂ ದೆವ್ವದ ನೆರಳಾದವು. ತಂಗಿ ಇವತ್ತಿಗೂ ನನ್ನ ಕ್ಯಾಮೆರಾ ಕಂಡರೆ ಮೊಬೈಲ್ ಎತ್ತುತ್ತಾಳೆ.

ಸೋಡಾ ಸರಿಹೋದ ಮೇಲೆ ಕಾಟ ಕೊಟ್ಟದ್ದು ಚರಟ. ಸ್ಟೀಲ್ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಆದರೆ ಸ್ಕ್ಯಾನ್ ಮಾಡಿದರೆ ಕುಂದಾದ್ರಿಯ ಮೇಲಿನ ಹಗಲಿನ ಆಕಾಶದ ತುಂಬ ಚುಕ್ಕಿ! ಫಿಲಂ ಮೇಲಿನ ಲೇಪಕ್ಕೆ, ಅಂದರೆ ಎಮಲ್ಷನ್ನಿಗೆ ಅಂಟಿಕೊಂಡ ಪುಡಿ ಅದು. ಈಗ ಅಪ್ಪನ ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಎರಡು ಸಲ ಸೋಸುತ್ತೇನೆ, ಒಂದು ರಾತ್ರಿ ಬಿಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳುತ್ತೇನೆ. ವಿಟಮಿನ್ ಸಿ ಬಿದ್ದ ಕೂಡಲೇ ಸೋಡಾ ನೀರು ಬುಸ್ಸೆಂದು ನೊರೆ ಏಳುತ್ತದಲ್ಲ, ಅದು ಪೂರ್ತಿ ಅಡಗುವವರೆಗೆ ಟ್ಯಾಂಕಿಗೆ ಹೊಯ್ಯಬಾರದು. ಹೊಯ್ದರೆ ಗುಳ್ಳೆ ಕೂತಲ್ಲೆಲ್ಲ ನೆಗೆಟಿವ್ ಮೇಲೆ ಬಿಳಿ ಉಂಗುರ.

ಒಂದು ರೀಲಿನ ಮುನ್ನೂರು ಎಂಎಲ್ ಟ್ಯಾಂಕಿಗೆ ನನ್ನ ಲೆಕ್ಕ: ಎಂಬತ್ತು ಗ್ರಾಂ ಪುಡಿಯಿಂದ ಇಳಿದ ಡಿಕಾಕ್ಷನ್ ನೂರೈವತ್ತು ಎಂಎಲ್, ಪುಡಿ ಸೋಡಾ ಹದಿನಾರು ಗ್ರಾಂ, ವಿಟಮಿನ್ ಸಿ ಐದು, ಫಿಲಂ ಮೇಲೆ ಮಂಜು ಕವಿಯದಿರಲು ಅಯೋಡಿನ್ ಉಪ್ಪು ಮೂರು, ಮಿಕ್ಕಿದ್ದು ನೀರು. 20 ಡಿಗ್ರಿಯಲ್ಲಿ ಹದಿನೆಂಟು ನಿಮಿಷ. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ನೀರು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಐಸಿನ ಗೊಡವೆಯಿಲ್ಲ. ವಿಟಮಿನ್ ಸಿ ಶುದ್ಧ ಪುಡಿಯೇ ಆಗಬೇಕು, ಕಿತ್ತಳೆ ರುಚಿಯ ಮಾತ್ರೆ ಕುಟ್ಟಿ ಹಾಕಿ ಒಂದು ರೀಲು ಕಳೆದುಕೊಂಡಿದ್ದೇನೆ.

ಮುಖ್ಯ ಗುಟ್ಟಿರುವುದು ಹುರಿಯುವುದರಲ್ಲಿ. ಕೆಲಸ ಮಾಡುವುದು ಕೆಫೀನ್ ಅಲ್ಲ, ಬೀಜದಲ್ಲಿರುವ ಆಮ್ಲಗಳು. ರೊಬಸ್ಟಾದಲ್ಲಿ ಅವು ಅರೇಬಿಕಾಗಿಂತ ಹೆಚ್ಚು, ಕಪ್ಪಗೆ ಹುರಿದರೆ ಹಾಳಾಗಿಹೋಗುತ್ತವೆ. ಹಾಗಾಗಿ ತೋಟದ್ದೇ ಬೀಜವನ್ನು ಬಾಣಲೆಯಲ್ಲಿ ಎಳೆಯದಾಗಿ ಹುರಿಯುತ್ತೇನೆ. ಎಷ್ಟು ಹೊತ್ತು, ಯಾವ ಬಣ್ಣಕ್ಕೆ ಇಳಿಸಬೇಕು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ನಾಲ್ಕು ರೀಲು ನೀವೂ ಕಳೆದುಕೊಳ್ಳಿ!

ನಡುವೆ ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲೂ ಒಂದು ತುಂಡು ಫಿಲಂ ತೊಳೆದು ನೋಡಿದೆ. ಚಿತ್ರ ಬಂತು, ಸುಳ್ಳಲ್ಲ. ಆದರೆ ಫಿಲಂ ಎಲೆಅಡಿಕೆ ಜಗಿದ ಬಾಯಿಯ ಹಾಗೆ ಕೆಂಪು, ಟ್ಯಾಂಕಿನ ಕಲೆ ಇನ್ನೂ ಹೋಗಿಲ್ಲ. ಚಹಾಪುಡಿಯ ವಿಚಾರ ಬೇಡ.

ಖರ್ಚು? ಲ್ಯಾಬಿಗೆ ಕಳಿಸಿದರೆ ಕೊರಿಯರ್ ಸೇರಿ ಆರೇಳುನೂರು. ನನಗೆ ಚಿತ್ರವನ್ನು ಗಟ್ಟಿ ನಿಲ್ಲಿಸುವ ಹೈಪೋ ಸೇರಿ ನೂರು ದಾಟುವುದಿಲ್ಲ, ಬೀಜ ಮನೆಯದ್ದು. ಹಾಳಾದ ರೀಲುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ನಾತ ಮಾತ್ರ ಅಸಾಧ್ಯ. ಅಮ್ಮ ಮೂಗು ಮುಚ್ಚಿಕೊಂಡು ಫಿಲ್ಟರನ್ನೇ ಹೊರಗೆಸೆದಿದ್ದರು, ನನಗೇ ಬೇರೆ ಕೊಂಡೆ.

ಕಳೆದ ಜನವರಿಯಲ್ಲಿ ತುಂಗೆಯ ದಡದಲ್ಲಿ ತೆಗೆದ ರೀಲು ಕತ್ತಿ ಹಾಗೆ ಬಂತು: ಬಂಡೆಯ ಮೇಲಿನ ಪಾಚಿ, ಒಣಹಾಕಿದ ಸೀರೆಯ ಅಂಚು, ಎಲ್ಲ ಬೇರೆಬೇರೆ. ಫಿಲಂನ ಬುಡದ ಹಾಳೆ ತುಸು ಕಂದು, ಪ್ರಿಂಟ್ ಹಾಕುವಾಗ ಎನ್ಲಾರ್ಜರಿನಲ್ಲಿ ಸಮಯ ಜಾಸ್ತಿ ಕೊಡಬೇಕು, ಅಷ್ಟೆ. ಗೆಳೆಯನಿಗೆ ಎರಡು ಪ್ರಿಂಟ್ ಕಳಿಸಿದೆ. ವಾರದಲ್ಲಿ ಫೋನ್ ಬಂತು: “ಎರಡು ಕೆಜಿ ರೊಬಸ್ಟಾ ಕಳಿಸ್ತೀಯಾ?”

ಕಳಿಸಿದೆ. ಹುರಿಯದ ಹಸಿ ಬೀಜ.