ಜೋಗದ ಸೀಸನ್ನಿಗೆ ಬಿಸಿನೀರು: ನಮ್ಮ ಲಾಡ್ಜಿನ ಹಳೇ ಕಾಯಿಲ್ ತೆಗೆದದ್ದು

ಸಾಗರದಲ್ಲಿ ನಮ್ಮದೊಂದು ಲಾಡ್ಜ್ ಇದೆ, 22 ರೂಮು. ಜೋಗದಲ್ಲಿ ನೀರು ಧುಮುಕುವಾಗ ಮಾತ್ರ ನಮಗೆ ಗಿರಾಕಿ; ಅಂದರೆ ಜುಲೈನಿಂದ ಸೆಪ್ಟೆಂಬರ್. ಆ ಮೂರು ತಿಂಗಳು ಬಿಸಿಲು ಕಾಣುವುದೇ ಅಪರೂಪ. ತಾರಸಿ ಮೇಲಿನ ಸೋಲಾರು, ರೂಮು ಖಾಲಿ ಹೊಡೆಯುವ ಏಪ್ರಿಲ್‌ನಲ್ಲಿ ಕೈ ಸುಡುವಷ್ಟು ನೀರು ಕಾಯಿಸಿಟ್ಟು, ಬೇಕಾದ ಹೊತ್ತಿಗೆ ಸುಮ್ಮನಾಗುತ್ತಿತ್ತು. ಮಳೆಗಾಲ ಪೂರ್ತಿ ಟ್ಯಾಂಕಿನೊಳಗಿನ, ಕರೆಂಟಿನಿಂದ ನೀರು ಕಾಯಿಸುವ 18 ಕಿಲೋವ್ಯಾಟ್ ಕಾಯಿಲೇ ಗತಿ.

ಆ ಟ್ಯಾಂಕು ಅಪ್ಪಯ್ಯ ಲಾಡ್ಜ್ ನಡೆಸುತ್ತಿದ್ದ ಕಾಲದ್ದು. ಕೊನೆಕೊನೆಗೆ ನಲ್ಲಿಯಲ್ಲಿ ಕೆಂಪು ನೀರು ಬರತೊಡಗಿತು. ಬೆಂಗಳೂರಿನಿಂದ ಬಂದ ಗಿರಾಕಿಯೊಬ್ಬರು ಬಕೆಟ್ ಹಿಡಿದುಕೊಂಡೇ ಕೌಂಟರಿಗೆ ಇಳಿದು ಬಂದರು, "ಇದು ಕಷಾಯನಾ ಸಾರ್?" ಅಂತ. ಅವತ್ತೇ ಬದಲಿಸುವುದು ಅಂತ ತೀರ್ಮಾನ ಮಾಡಿದೆ.

ಮೊದಲು ಬಂದ ಡೀಲರ್ ರೂಮು ಎಣಿಸಿದ. 22 ರೂಮು, ರೂಮಿಗೆ ಇಬ್ಬರು, ತಲೆಗೆ ನೂರು ಲೀಟರ್. ಮೇಲೊಂದಿಷ್ಟು ಸೇರಿಸಿ 5000 ಲೀಟರ್ ಟ್ಯಾಂಕು ಬರೆದುಕೊಟ್ಟ. ಬೆಲೆ ನೋಡಿ ನಾನು ಕುರ್ಚಿಯಲ್ಲೇ ಕೂತುಬಿಟ್ಟೆ. ನಮ್ಮ ಪ್ಲಂಬರು ಆಮೇಲೆ ಮೆಲ್ಲಗೆ ಹೇಳಿದ: "ಅಣ್ಣ, ಎಷ್ಟು ನೀರು ಖರ್ಚಾಗ್ತದೆ ಅಂತ ಯಾರಾದ್ರೂ ನೋಡಿದಾರಾ? ಒಂದು ಮೀಟರ್ ಹಾಕಿ ನೋಡುವ."

ಟ್ಯಾಂಕಿಗೆ ತಣ್ಣೀರು ಹೋಗುವ ಪೈಪಿಗೆ ನೀರಿನ ಮೀಟರ್ ಕೂರಿಸಿದೆವು, ಕಾಯಿಲಿನ ಲೈನಿಗೆ ಬೇರೆಯೇ ಕರೆಂಟ್ ಮೀಟರ್. ಜುಲೈ ಪೂರ್ತಿ ಬೆಳಿಗ್ಗೆ 5ಕ್ಕೆ, ರಾತ್ರಿ 11ಕ್ಕೆ ರೂಮ್ ಬಾಯ್ ಹತ್ತಿರ ಬರೆಸಿದೆ. ಶನಿವಾರ, ರೂಮೆಲ್ಲ ತುಂಬಿದ ದಿನವೂ 2200 ಲೀಟರ್ ದಾಟಲಿಲ್ಲ. ಸರಾಸರಿ 1500. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬಕೆಟಿನಲ್ಲಿ ಸ್ನಾನ ಮಾಡುವವರು, 55 ಡಿಗ್ರಿಯ ನೀರು ಇಪ್ಪತ್ತಿಪ್ಪತ್ತೈದು ಲೀಟರ್ ಇದ್ದರೆ ಒಬ್ಬರಿಗೆ ಬೆರಕೆ ಮಾಡಿಕೊಳ್ಳಲು ಸಾಕು.

ನಾನು ಬೆಚ್ಚಿದ್ದು ಕರೆಂಟ್ ಲೆಕ್ಕ ನೋಡಿ. ಯಾರೂ ನಲ್ಲಿ ತಿರುಗಿಸದ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗಿನ ಆರು ಗಂಟೆಯಲ್ಲಿ 12 ಯೂನಿಟ್ ಹೋಗುತ್ತಿತ್ತು! ಕಾರಣ ರಿಟರ್ನ್ ಲೈನು, ಅಂದರೆ ರೂಮುಗಳ ಕಡೆ ಹೋದ ಬಿಸಿನೀರನ್ನು ಮತ್ತೆ ಟ್ಯಾಂಕಿಗೆ ತರುವ ಪೈಪು. ಕೊನೆಯ ರೂಮಿಗೂ ಬೇಗ ಬಿಸಿನೀರು ಬರಲಿ ಅಂತ ಸಣ್ಣ ಪಂಪೊಂದು ನೀರನ್ನು ಹಗಲೂ ರಾತ್ರಿ ಸುತ್ತಿಸುತ್ತಿತ್ತು. ಸುಮಾರು 60 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತಾರಸಿ ಮೇಲೆ ಮಳೆಯಲ್ಲಿ ನೆನೆಯುತ್ತಾ ಬಿದ್ದಿತ್ತು. ಬಿಸಿ ಆರದಿರಲಿ ಅಂತ ಯಾವತ್ತೋ ಸುತ್ತಿದ್ದ ಗ್ಲಾಸ್‌ವೂಲ್ (ಗಾಜಿನ ನಾರಿನ ಹೊದಿಕೆ) ನೀರು ಕುಡಿದು ಒದ್ದೆ ಗೋಣಿಯ ಹಾಗೆ ಜೋತಾಡುತ್ತಿತ್ತು. ಸರಾಸರಿ 2 ಕಿಲೋವ್ಯಾಟ್ ಲೆಕ್ಕದಲ್ಲಿ ನಾವು ಮಲೆನಾಡಿನ ಮಳೆಯನ್ನು ಕಾಯಿಸುತ್ತಿದ್ದೆವು. ನಮ್ಮದು ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ ಕುಟುಂಬ. ಆ ಕರೆಂಟು ಎಲ್ಲಿಂದ ಬರುತ್ತದೆ, ಅದಕ್ಕೆ ಏನೇನು ಹೋಗಿದೆ ಅಂತ ಗೊತ್ತಿದ್ದವನಿಗೆ ಇದು ಸ್ವಲ್ಪ ಹೆಚ್ಚೇ ಚುಚ್ಚಿತು.

ಹೊಸ ಮೆಷಿನ್ ಆಮೇಲೆ ಅಂದುಕೊಂಡು ಮೊದಲು ಪೈಪಿನ ಕೆಲಸ ಮುಗಿಸಿದೆವು. ಪೈಪಿನ ಮೇಲೆ ಕಪ್ಪು ನೈಟ್ರೈಲ್ ಫೋಮಿನ (ರಬ್ಬರಿನ ಸ್ಪಂಜಿನಂಥದ್ದು) ಕೊಳವೆ ಹಾಕಿ, ಪಂಪಿಗೆ ಟೈಮರ್ ಕಟ್ಟಿದೆವು: ಬೆಳಿಗ್ಗೆ 5ರಿಂದ 9, ಸಂಜೆ 6ರಿಂದ 9 ಮಾತ್ರ. ಒಂದು ವಾರದೊಳಗೆ ಮಂಗಗಳು ಫೋಮನ್ನು ಹಲಸಿನ ತೊಳೆ ಬಿಡಿಸಿದಂತೆ ಬಿಡಿಸಿ ಹಾಕಿದವು. ಮತ್ತೆ ಹಾಕಿ ಮೇಲೆ ಅಲ್ಯೂಮಿನಿಯಂ ತಗಡು ಸುತ್ತಿಸಬೇಕಾಯಿತು. ಬಿಸಿಲಿಗೆ ಫೋಮು ಪುಡಿಯಾಗುವುದಕ್ಕೂ ಅದೇ ರಕ್ಷಣೆ, ಮೊದಲೇ ಸುತ್ತಿಸಿದ್ದರೆ ಎರಡು ಖರ್ಚು ಆಗುತ್ತಿರಲಿಲ್ಲ. ರಾತ್ರಿಯ 12 ಯೂನಿಟ್ ಮೂರಕ್ಕೆ ಇಳಿಯಿತು. ಮೆಷಿನ್ ತರುವ ಮೊದಲೇ ತಿಂಗಳಿಗೆ ಹತ್ತಿರ ಹತ್ತಿರ ಸಾವಿರ ಯೂನಿಟ್ ಉಳಿತಾಯ.

ಇನ್ನು ಮೆಷಿನ್ನು. ನಾವು ತಂದದ್ದು ಹೀಟ್ ಪಂಪ್. ನೀರಿಗೆ 12 ಕಿಲೋವ್ಯಾಟ್ ಶಾಖ ಕೊಡುತ್ತದೆ, ಕರೆಂಟು ಎಳೆಯುವುದು ನಾಲ್ಕರ ಆಸುಪಾಸು. ಉಳಿದದ್ದನ್ನು ಹೊರಗಿನ ಗಾಳಿಯಿಂದ ಹೀರಿಕೊಳ್ಳುತ್ತದೆ, ಫ್ರಿಜ್ಜು ಒಳಗಿನ ಬಿಸಿಯನ್ನು ಹಿಂದಕ್ಕೆ ತಳ್ಳುವ ಹಾಗೆ. ಜತೆಗೆ 1500 ಲೀಟರಿನ ಸ್ಟೀಲ್ ಟ್ಯಾಂಕು. ಮಳೆಗಾಲದಲ್ಲಿ ಗಾಳಿಯೇ ತಣ್ಣಗಿರುತ್ತದಲ್ಲ, ಅದರಿಂದ ಏನು ಸಿಗುತ್ತದೆ ಅಂತ ನನಗೂ ಅನುಮಾನವಿತ್ತು. ಆದರೆ ನಮ್ಮ ಜುಲೈ ಬರೀ ಒದ್ದೆ, 22-24 ಡಿಗ್ರಿಯಿಂದ ಕೆಳಗೆ ಹೋಗುವುದು ಕಡಿಮೆ. ಗಾಳಿಯ ತೇವ ಮೆಷಿನ್ನಿನ ತಣ್ಣನೆ ರೆಕ್ಕೆಗಳ ಮೇಲೆ ನೀರಾಗುವಾಗ ತನ್ನೊಳಗಿನ ಶಾಖವನ್ನೂ ಬಿಟ್ಟುಕೊಡುತ್ತದೆ. ವಾರಗಟ್ಟಲೆ ಬಟ್ಟೆ ಒಣಗಲು ಬಿಡದ ಅದೇ ಗಾಳಿ ಇಲ್ಲಿ ಲಾಭಕ್ಕೆ ಬಂತು. ಮೊದಲ ವಾರ ಕೆಳಗಿಟ್ಟ ಬಕೆಟು ತುಂಬಿ ಹರಿದದ್ದು ನೋಡಿ ಟ್ಯಾಂಕೇ ಸೋರುತ್ತಿದೆ ಅಂತ ಗಾಬರಿಯಾಗಿ ಪ್ಲಂಬರಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದೆ.

ಅಪ್ಪಯ್ಯ ತಾರಸಿ ಹತ್ತಿ ಬಂದು ಫ್ಯಾನಿನ ಮುಂದೆ ಕೈ ಹಿಡಿದು ನೋಡಿದರು. "ನೀರು ಕಾಯ್ಸೋ ಮೆಷಿನ್ನು ತಣ್ಣನೆ ಗಾಳಿ ಬಿಡ್ತದಲ್ಲ ಮಾರಾಯ, ತಿರುಗ್ಸಿ ಕೂರ್ಸಿದ್ರಾ ಹೆಂಗೆ?" ಮನೆಯಲ್ಲಿ ಅವರಿಗೆ ಈಗಲೂ ಹಂಡೆ ನೀರೇ ಆಗಬೇಕು, ಬಚ್ಚಲೊಲೆಗೆ ಅಡಿಕೆ ಸಿಪ್ಪೆ. ಅದಕ್ಕೆ ಸಮನಾದ ಸ್ನಾನ ಬೇರೆ ಇಲ್ಲ ಅನ್ನುವುದರಲ್ಲಿ ನನ್ನದೂ ತಕರಾರಿಲ್ಲ.

ತಪ್ಪು ನಾವೂ ಮಾಡಿದೆವು. ಮಳೆ ಬೀಳಬಾರದು ಅಂತ ಮೆಷಿನ್ನನ್ನು ಮೊದಲು ಜನರೇಟರ್ ಪಕ್ಕದ ಮುಚ್ಚಿದ ಕೋಣೆಯಲ್ಲಿ ಕೂರಿಸಿದ್ದೆವು. ಅದು ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡು, ಎರಡು ಗಂಟೆಯಲ್ಲಿ ಕೋಣೆ ಐಸ್‌ಕ್ರೀಂ ಅಂಗಡಿಯ ಹಾಗಾಯಿತು. ನೀರು 45 ಡಿಗ್ರಿ ದಾಟಲಿಲ್ಲ. ಬಯಲಿನಲ್ಲಿ ಇಡಲೆಂದೇ ಮಾಡಿದ ಮೆಷಿನ್ನು ಅದು. ತಾರಸಿಗೆ ಸಾಗಿಸಿ, ನಾಲ್ಕೂ ಕಡೆ ತೆರೆದ ಶೀಟಿನ ಮಾಡು ಹಾಕಿದ ಮೇಲೆ ಸರಿಯಾಯಿತು.

ಇನ್ನೊಂದು ದಿನ, ಗಾಳಿ ಮಳೆಗೆ ಮರ ಬಿದ್ದು ಲೈನು ರಿಪೇರಿಯಾಗಿ ಕರೆಂಟು ಬಂದರೂ ಮೆಷಿನ್ ಏಳಲೇ ಇಲ್ಲ. ಇಡೀ ಬೆಳಿಗ್ಗೆ ಅಡುಗೆಮನೆಯ ಗ್ಯಾಸಿನ ಮೇಲೆ ನೀರು ಕಾಯಿಸಿ ರೂಮಿಗೆ ಹೊತ್ತೆವು. ಕೊನೆಗೆ ನೋಡಿದರೆ ಮೂರು ಫೇಸಿನಲ್ಲಿ ಎರಡು ಅದಲುಬದಲಾಗಿದ್ದವು. ಕಂಪ್ರೆಸರ್ ಉಲ್ಟಾ ತಿರುಗಿ ಸುಟ್ಟುಹೋಗದಂತೆ ಒಳಗಿನ ರಿಲೇ ಅನ್ನುವ ಸ್ವಯಂಚಾಲಿತ ಸ್ವಿಚ್ಚು ತಡೆದಿತ್ತು. ಎರಡು ವೈರು ಬದಲಿಸಿದ್ದಷ್ಟೇ ಕೆಲಸ. ಈ ರಿಲೇ ಇಲ್ಲದ ಮೆಷಿನ್ನನ್ನು ನಮ್ಮ ಕಡೆ ಯಾರೂ ತರಬೇಡಿ. ಗುಡುಗು ಸಿಡಿಲಿನ ಊರು ನಮ್ಮದು, ಕರೆಂಟು ಒಮ್ಮೆಲೇ ಏರಿದಾಗ ಕಾಯುವ ಸರ್ಜ್ ಪ್ರೊಟೆಕ್ಟರಿಗೂ ಅರ್ಥಿಂಗಿಗೂ ಜಿಪುಣತನ ಬೇಡ.

ಹಳೇ ಟ್ಯಾಂಕು ಬಿಚ್ಚಿದಾಗ ಕೆಂಪು ನೀರಿನ ಗುಟ್ಟೂ ಹೊರಬಿತ್ತು. ಬಯಲುಸೀಮೆಯಲ್ಲಿ ಗಡಸು ನೀರಿನ ಸುಣ್ಣ ಕಟ್ಟಿ ಕಾಯಿಲ್ ಹಾಳಾಗುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಮೆದು, ಸ್ವಲ್ಪ ಹುಳಿ. ಅದು ಕಬ್ಬಿಣವನ್ನೇ ತಿನ್ನುತ್ತದೆ. ಟ್ಯಾಂಕಿನ ಬದಲು ತಾನು ಸವೆಯಲಿ ಅಂತ ಒಳಗೊಂದು ಮೆಗ್ನೀಸಿಯಂ ರಾಡ್ ಇಡುತ್ತಾರೆ. ನಮ್ಮದರಲ್ಲಿ ಅದರ ನಡುವಿನ ತಂತಿಯಷ್ಟೇ ಉಳಿದಿತ್ತು. ಅಂಥದ್ದೊಂದು ಒಳಗಿದೆ ಅಂತಲೇ ನಮಗೆ ಯಾರೂ ಹೇಳಿರಲಿಲ್ಲ. ಹೊಸ ಟ್ಯಾಂಕಿನದ್ದನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೇವೆ, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು.

ಲೆಕ್ಕಕ್ಕೆ ಬರೋಣ. 1800 ಲೀಟರ್ ಖರ್ಚಾದ ಒಂದು ದಿನ, 22ರಿಂದ 55 ಡಿಗ್ರಿಗೆ ಏರಿಸಲು ಬೇಕಾದ ಶಾಖ 69 ಯೂನಿಟಿನಷ್ಟು. ಮೀಟರ್ ತೋರಿಸಿದ್ದು 22. ಮೊದಲು ಜುಲೈನಲ್ಲಿ ನೀರಿಗೇ 3100 ಯೂನಿಟ್ ಆಗುತ್ತಿತ್ತು, ಈಗ 700 ಚಿಲ್ಲರೆ. ಹಳೇ ಕಾಯಿಲನ್ನು ನಮ್ಮ ಜನರೇಟರು ಹೊರುತ್ತಿರಲಿಲ್ಲ, ಇದನ್ನು ಹೊರುತ್ತದೆ. ಲೋಡ್ ಕಡಿಮೆ ಮಾಡಿಸಿದ್ದರಿಂದ ತಿಂಗಳ ನಿಗದಿ ಶುಲ್ಕವೂ ಇಳಿಯಿತು. ಮಧ್ಯಾಹ್ನ ಗಾಳಿ ಬೆಚ್ಚಗಿರುವಾಗಲೇ ಹೆಚ್ಚು ಓಡುವಂತೆ ಟೈಮರ್ ಇಟ್ಟಿದ್ದೇವೆ, ವಾರಕ್ಕೊಮ್ಮೆ 60 ಡಿಗ್ರಿಗೆ ಏರಿಸುತ್ತೇವೆ, ನಿಂತ ಬೆಚ್ಚನೆ ನೀರಲ್ಲಿ ರೋಗಾಣು ಬೆಳೆಯಬಾರದಲ್ಲ. ಸೋಲಾರನ್ನು ಗುಜರಿಗೆ ಹಾಕಲಿಲ್ಲ. ಅದರ ನೀರು ಈಗ ಹೀಟ್ ಪಂಪಿನ ಟ್ಯಾಂಕಿಗೆ ಬರುತ್ತದೆ. ಡಿಸೆಂಬರಿನ ಚಳಿಯಲ್ಲಿ ಮೆಷಿನ್ ಸ್ವಲ್ಪ ಏದುಸಿರು ಬಿಡುವಾಗ ಹಗಲಿನ ಬಿಸಿಲು ಕೈ ಹಿಡಿಯುತ್ತದೆ.

ಹಿಂಬದಿಯ ಆರು ರೂಮುಗಳ ಪೈಪು ಮಾತ್ರ ಗೋಡೆಯೊಳಗಿದೆ. ಅಲ್ಲಿ ಇನ್ನೂ ಅರ್ಧ ಬಕೆಟ್ ನೀರು ಚೆಲ್ಲಿದ ಮೇಲೇ ಬಿಸಿ ಬರುವುದು. ಅಡಿಕೆ ಕೊಯ್ಲು ಮುಗಿದು ಕೆಲಸದವರು ಸಿಕ್ಕಿದರೆ ಈ ಬೇಸಿಗೆಯಲ್ಲಿ ಗೋಡೆ ಒಡೆಸಬೇಕು.