ಹೊರಗೋಡೆಗೆ ಪೈಪ್ ಹಿಡಿಯುವ ಮೊದಲು ಒಂದು ಹನಿ ಬ್ಲೀಚ್
ಹೊರಗೋಡೆಯ ಕಪ್ಪು ಕಲೆಯನ್ನು ಹೇಗೆ ತೊಳೆಯಬೇಕೆಂದು ತಿಳಿಯದಿದ್ದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಕಲೆಯ ಮೇಲೆ ಒಂದು ಹನಿ ದ್ರವ ಬ್ಲೀಚ್ ಒತ್ತಿ ಎರಡು ನಿಮಿಷ ಕಾಯಿರಿ. ಬಣ್ಣ ತಿಳಿಯಾದರೆ ಅದು ಪಾಚಿ ಅಥವಾ ಬೂಷ್ಟು; ಕದಲದಿದ್ದರೆ ಬಹುಮಟ್ಟಿಗೆ ಧೂಳು, ಹೊಗೆಮಸಿ. ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಪಾಚಿಯ ಬಣ್ಣವನ್ನು ಕೆಡಿಸುತ್ತದೆ, ಮಣ್ಣಿನ ಕಣ ಅದಕ್ಕೆ ಜಗ್ಗುವುದಿಲ್ಲ. ಧೂಳಿಗೆ ಸೋಪಿನ ನೀರು, ಮೃದುವಾದ ಬ್ರಷ್ ಸಾಕು. ಪಾಚಿಗೆ ಮಾತ್ರ ರಭಸದ ನೀರನ್ನು ನಂಬಬೇಡಿ. ಮೇಲ್ಪದರ ಕಿತ್ತುಬಂದು ಗೋಡೆ ಫಳಫಳ ಹೊಳೆಯುತ್ತದೆ ನಿಜ, ಆದರೆ ಗಾರೆಯ ಸಣ್ಣ ರಂಧ್ರಗಳಲ್ಲಿ ಉಳಿದದ್ದು ತೇವ ಸಿಕ್ಕೊಡನೆ ಮತ್ತೆ ಹಬ್ಬುತ್ತದೆ. ನೀರು ಬೆರೆಸಿದ ಬ್ಲೀಚನ್ನು ಸವರಿ, ಹತ್ತು ನಿಮಿಷ ಬಿಟ್ಟು, ಸಾಧಾರಣ ಪೈಪಿನಿಂದ ತೊಳೆಯಿರಿ. ಕೆಳಗಿನ ಗಿಡಗಳನ್ನು ಮೊದಲೇ ನೀರಿನಿಂದ ತೋಯಿಸಿಡಿ. ಜೊತೆಗೆ ಅಂಗೈಯಿಂದ ಗೋಡೆಯನ್ನೊಮ್ಮೆ ಉಜ್ಜಿ ನೋಡಿ: ಕೈಗೆ ಸುಣ್ಣದಂಥ ಪುಡಿ ಅಂಟಿದರೆ ಬಣ್ಣವೇ ಸವೆದಿದೆ, ಅಲ್ಲಿ ಪ್ರೆಷರ್ ವಾಷರ್ (ರಭಸದಿಂದ ನೀರು ಚಿಮ್ಮಿಸುವ ಯಂತ್ರ) ಹಿಡಿದರೆ ಕೊಳೆ ತೊಳೆಯುವ ಬದಲು ಬಣ್ಣವೇ ಸುಲಿಯುತ್ತದೆ. ಬ್ಲೀಚ್ ಹನಿಯ ಪರೀಕ್ಷೆ ತುಕ್ಕಿನ ಕಲೆಗೂ ಇಟ್ಟಿಗೆಯಿಂದ ಉಕ್ಕುವ ಬಿಳಿ ಉಪ್ಪಿಗೂ ಉತ್ತರ ಹೇಳುವುದಿಲ್ಲ; ಹಳೆಯ ಬಾಟಲಿಯ ಬ್ಲೀಚ್ ಶಕ್ತಿಗುಂದಿ ಪಾಚಿಯನ್ನೂ ಧೂಳೆಂದು ತೋರಿಸಬಹುದು. ಗಾಢ ಬಣ್ಣದ ಗೋಡೆ ಹನಿ ಬಿದ್ದಲ್ಲಿ ಮಾಸೀತು, ಮೂಲೆಯನ್ನು ಆರಿಸಲು ಹೇಳಿದ್ದು ಅದಕ್ಕೇ. ಬ್ಲೀಚಿಗೆ ವಿನೆಗರ್, ಆಸಿಡ್, ಅಮೋನಿಯ ಯಾವುದನ್ನೂ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ.