ಏಳುತ್ತಿದ್ದ ಪೇಂಟ್ ನಿಂತದ್ದು ಹೇಗೆ: ನನ್ನ ಅನುಭವ

ಉಡುಪಿಯ ನಮ್ಮ ಮನೆ ಕೆಂಪುಕಲ್ಲಿನದು. ಪ್ರತಿ ಮಳೆಗಾಲ ಕಳೆದಾಗ ಪಡು ಬದಿಯ ಕೋಣೆಯಲ್ಲಿ ಪೇಂಟ್ ಹಪ್ಪಳದ ಹಾಗೆ ಏಳುತ್ತಿತ್ತು. ಕಂಟ್ರಾಕ್ಟರ್ ಒಬ್ಬರು ಇಡೀ ಮನೆಗೆ ಪುಟ್ಟಿ (ಗೋಡೆ ನಯ ಮಾಡಲು ಬಳಿಯುವ ಲೇಪ), ವಾಟರ್‌ಪ್ರೂಫ್ ಪೇಂಟ್ ಎಂದು ದೊಡ್ಡ ಲೆಕ್ಕ ಕೊಟ್ಟರು.

ನಾನು ಮೊದಲು ನೀರಿನ ದಾರಿ ಹುಡುಕಿದೆ. ಗೋಡೆಯ ಒಳಮೈಗೆ ಒಂದಡಿ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಬದಿ ಟೇಪ್ ಹಾಕಿ 24 ಗಂಟೆ ಬಿಟ್ಟೆ. ಹಾಳೆಯ ಹಿಂದೆ ಹನಿ ಕೂತಿತ್ತು, ಅಂದರೆ ತೇವ ಗೋಡೆಯೊಳಗಿನದು. ಕೋಣೆಯ ಗಾಳಿಯದ್ದಾದರೆ ಹನಿ ಹಾಳೆಯ ಹೊರಮೈಯಲ್ಲಿರುತ್ತದೆ. ಹೊರಗೆ ನೋಡಿದರೆ ಸನ್‌ಶೇಡ್ ಗೋಡೆಗೆ ಸೇರುವಲ್ಲಿ ಬಿರುಕು, ಸುತ್ತ ಹಸಿರು ಪಾಚಿ. ಪಾಚಿ ಉಜ್ಜಿ ತೆಗೆದು, ಬಿರುಕನ್ನು ಸ್ವಲ್ಪ ಅಗಲ ಕೆತ್ತಿ, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿಸಿದೆವು. ಆಮೇಲೆ ಆ ಗೋಡೆ ಒದ್ದೆಯಾಗಿಲ್ಲ.

ಪೇಂಟಿಗೆ ಜನವರಿವರೆಗೆ ಕಾದೆ. ಗೋಡೆ ಒಣಗಬೇಕಲ್ವಾ? ಎದ್ದ ಜಾಗ ಮಾತ್ರ ಕೆರೆದು, ತೇವದಿಂದ ಗೋಡೆ ಮೇಲೆ ಬಂದಿದ್ದ ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ತೆಗೆದು, ಪ್ರೈಮರ್ (ಪೇಂಟ್ ಹಿಡಿಯಲು ಮೊದಲು ಹೊಡೆಯುವ ಕೋಟ್) ಹೊಡೆಸಿದೆ. ಗಟ್ಟಿಯಿದ್ದ ಹಳೇ ಪೇಂಟ್ ಮೇಲೆ ಮತ್ತೆ ಪುಟ್ಟಿ ಸುಮ್ನೆ ದಂಡ. ತೊಳೆದು ಸ್ಯಾಂಡ್‌ಪೇಪರ್ ಉಜ್ಜಿದರೆ ಸಾಕು. ಸೀಲಿಂಗ್‌ಗೆ ಡಿಸ್ಟೆಂಪರ್ ಎಂಬ ಅಗ್ಗದ ಬಣ್ಣ ನಡೆಯುತ್ತದೆ. ಹೊರಗೋಡೆಗೆ ಮಾತ್ರ ಒಳ್ಳೆಯ ಎಕ್ಸ್‌ಟೀರಿಯರ್ ಎಮಲ್ಷನ್ನೇ (ಹೊರಗೋಡೆಗೆಂದೇ ಮಾಡಿದ ಪೇಂಟ್) ಬೇಕು, ನಮ್ಮ ಕರಾವಳಿ ಮಳೆಗೆ ಜಿಪುಣತನ ಆಗುವುದಿಲ್ಲ.

ಕೂಲಿ ಬೇರೆ, ಸಾಮಾನು ಬೇರೆ ಎಂದು ಮಾತಾಡಿದ್ದರಿಂದ ಜಾಸ್ತಿ ಉಳಿಯಿತು. ಚದರಡಿ ನಾವೇ ಅಳೆದು, ಬಾಗಿಲು ಕಿಟಕಿ ಕಳೆದೆವು. ಲೀಟರಿಗೆ ಎಷ್ಟು ಚದರಡಿ ಎಂದು ಡಬ್ಬದ ಮೇಲೇ ಇರುತ್ತದೆ. ಎಲ್ಲ ಕೋಣೆಗೂ ಒಂದೇ ಬಣ್ಣ ಆರಿಸಿದ್ದರಿಂದ 20 ಲೀಟರಿನ ಬಕೆಟ್ ತಂದೆವು, ಸಣ್ಣ ಡಬ್ಬಗಳಿಗಿಂತ ಅಗ್ಗ. ಮಗಳ ಹಟಕ್ಕೆ ಒಂದು ಗೋಡೆ ಮಾತ್ರ ನೀಲಿ.